ಮೀನುಬುಟ್ಟಿಗೆ ನಿಲ್ಲುವ ಬಸ್ಸು

ತೆಂಗಿನಗುಂಡಿ
14-9-1998

ಶನಿಯಾರನಿಗೆ ಅಕ್ಕ ನಾಗಿ ಬರೆಯುವುದು.

ನಿನ್ನ ಕಾಗದ ಬಂದು ಮೂರು ದಿನ ಆಯಿತು. ಸಿಟ್ಟು ಇಳಿಯಲಿ ಎಂದು ಕಾದೆ. ಇಳಿಯಲಿಲ್ಲ. ಇನ್ನು ಕಾದು ಪ್ರಯೋಜನ ಇಲ್ಲವೆಂದು ಬರೆಯುತ್ತಿದ್ದೇನೆ.

ಕಣ್ಣು ಸರಿ ಇಲ್ಲ, ಕಾಯಿಲೆಯ ಮೇಲೆ ಮೊದಲೇ ನಿವೃತ್ತಿ ಕೊಡಿ ಎಂದು ಅರ್ಜಿ ಹಾಕುತ್ತೇನೆ, ಫಾರಂ ತಂದಿಟ್ಟಿದ್ದೇನೆ, ನೀನು ಎಂತ ಹೇಳುತ್ತೀ. ಇಷ್ಟೇ ತಾನೆ ನೀನು ಬರೆದದ್ದು? ಇದಕ್ಕೆ ಎರಡು ಪುಟ ಬೇಕಿತ್ತಾ? ನಾನು ಹೇಳುವುದು ಒಂದೇ ಸಾಲು. ಆ ಫಾರಂ ಹರಿದು ಒಲೆಗೆ ಹಾಕು.

ನಿನಗೆ ಐವತ್ತೊಂದು. ಇನ್ನೂ ಏಳು ವರ್ಷ ಸರ್ವೀಸು ಇದೆ. ನನಗೆ ಐವತ್ತೆಂಟು. ಬೆಳಗಾದರೆ ದೋಣಿ ಬರುವ ದಕ್ಕೆಯಲ್ಲಿ ಮೀನು ಕೊಂಡು, ತಲೆಯ ಮೇಲೆ ಸಿಂಬಿ ಇಟ್ಟು, ಬುಟ್ಟಿ ಹೊತ್ತು ಭಟ್ಕಳ ಪೇಟೆಗೆ ಹೋಗುತ್ತೇನೆ. ನನ್ನ ಮೊಣಕಾಲು ಅರ್ಜಿ ಹಾಕಿದರೆ ಯಾವ ಸಾಹೇಬ ಸಹಿ ಮಾಡುತ್ತಾನೆ?

ಬದಿ ಕಾಣುವುದಿಲ್ಲವಂತೆ. ಬಸ್ಸು ಹೋಗುವುದು ಎದುರಿಗೋ ಬದಿಗೋ?

ನನಗೆ ಗೊತ್ತು ನಿನ್ನ ಕಾಯಿಲೆ ಯಾವುದೆಂದು. ಅಪ್ಪ ದೋಣಿಯಲ್ಲಿ ಹೋದವನು ತಿರುಗಿ ಬರದೆ ಇದ್ದ ವರ್ಷ ನಿನಗೆ ಹದಿನಾಲ್ಕು. ದೋಣಿಯ ಹತ್ತಿರ ಕರೆದರೆ ಮರಳಿನಲ್ಲಿ ಕೂತುಬಿಡುತ್ತಿದ್ದೆ. ಊರಿನವರು ಬಂದು "ನಾಗಿ, ನಿನ್ನ ತಮ್ಮ ಗಂಡಾ ಹೆಣ್ಣಾ?" ಎಂದು ಕೇಳುತ್ತಿದ್ದರು. "ಅಂವ ನೆಲದ ಮೇಲೆ ದುಡಿತ, ನಿಂಗೆ ಎಂತ ಉರಿ" ಎಂದು ಹೇಳಿ ಅವರ ಬಾಯಿ ಮುಚ್ಚಿಸಿದವಳು ನಾನು. ನಿನ್ನನ್ನು ಎತ್ತಿಕೊಂಡಿರಲು ಜನ ಇಲ್ಲ ಎಂದು ನನ್ನನ್ನು ನಾಲ್ಕನೇ ಇಯತ್ತೆಗೆ ಶಾಲೆ ಬಿಡಿಸಿದರು. ನೀನು ಖಾಕಿ ಅಂಗಿ ಹಾಕಿಕೊಂಡು ಈ ಕೇರಿಗೆ ಬಂದ ದಿನ ನಾನು ಮೀನು ಮಾರಲು ಹೋಗಲಿಲ್ಲ, ಜಗಲಿಯಲ್ಲಿ ಕೂತು ಹೋಗುವವರ ಬರುವವರ ಮುಖ ನೋಡಿದೆ. ಆ ಒಂದು ದಿನಕ್ಕೆ ಎಲ್ಲವೂ ಸರಿಯಾಯಿತು ಎಂದುಕೊಂಡಿದ್ದೆ. ಈಗ ಘಾಟಿಯಲ್ಲಿ ಬಸ್ಸು ಇಳಿಸಲು ಹೆದರಿ ಕಣ್ಣಿನ ನೆಪ ಹೇಳುತ್ತೀಯ.

ಮಗಳು ಪ್ರಿಯಾ ಶಿಕ್ಷಕಿ ತರಬೇತಿಗೆ ಸೇರಿ ಮೂರು ತಿಂಗಳಾಗಿಲ್ಲ. ಅವಳು ಎರಡು ವರ್ಷ ಮುಗಿಸಿ ಹೊರಗೆ ಬರುವ ತನಕವಾದರೂ ಸ್ಟೇರಿಂಗ್ ಬಿಡಬೇಡ. ಮನೆಯಲ್ಲಿ ಸುಶೀಲಳಿಗೆ ಇದನ್ನು ತೋರಿಸಬೇಡ, ಅವಳು ಅಳುತ್ತಾಳೆ.

ನಿನ್ನ ಅಕ್ಕ
ನಾಗಿ


ಮಿರ್ಜಾನ
27-9-1998

ನಾಗಕ್ಕನಿಗೆ ತಮ್ಮನ ನಮಸ್ಕಾರ.

ನೀನು ಬೈದು ಬರೆದದ್ದನ್ನು ಓದಿದೆ. ಸುಶೀಲ ಪಕ್ಕದಲ್ಲೇ ನಿಂತು "ಅತ್ತಿಗೆ ಎಂತ ಬರ್ದಾರೆ?" ಎಂದು ಕೇಳಿದಳು. ಎಲ್ಲರೂ ಸೌಖ್ಯವಂತೆ ಎಂದೆ.

ಅಕ್ಕ, ನನಗೆ ಎದುರಿನದು ಕಾಣುತ್ತದೆ. ಮೈಲಿಗಲ್ಲಿನ ಅಂಕೆ ಸಹ ದೂರದಿಂದ ಓದುತ್ತೇನೆ. ತೊಂದರೆ ಇರುವುದು ಪಕ್ಕದಲ್ಲಿ. ಎಡಗಡೆಯಿಂದ ಒಂದು ಸೈಕಲ್ ಬಂದರೆ ಅದು ಬರುವುದು ಕಾಣುವುದಿಲ್ಲ. ಯಾರೋ ಎತ್ತಿ ತಂದಿಟ್ಟ ಹಾಗೆ ಇದ್ದಕ್ಕಿದ್ದಂತೆ ನನ್ನ ಎದುರಿಗೆ ಇರುತ್ತದೆ. ದೇವಿಮನೆ ಘಾಟಿ ಇಳಿಯುವಾಗ ಎಡಬದಿಯ ಕಟ್ಟೆ ಎಲ್ಲಿ ಮುಗಿಯಿತು ಎಂದು ತಿಳಿಯುವುದಿಲ್ಲ. ಇಪ್ಪತ್ತು ವರ್ಷದ ರೂಢಿಯ ಮೇಲೆ ತಿರುಗಿಸುತ್ತೇನೆ. ಕಂಡಕ್ಟರ್ ದಿನಕರ ಒಳ್ಳೆಯ ಹುಡುಗ, ಬಾಗಿಲ ಹತ್ತಿರವೇ ನಿಂತು "ಎಡಕ್ಕೆ ಆಕಳು, ಶನಿಯಾರಣ್ಣ", "ಎಡಕ್ಕೆ ಶಾಲೆ ಮಕ್ಕಳು" ಎಂದು ಹೇಳುತ್ತಾನೆ. ಪ್ಯಾಸೆಂಜರುಗಳು ತಮಾಷೆ ಎಂದು ನಗುತ್ತಾರೆ. ನಾವಿಬ್ಬರೂ ನಗುತ್ತೇವೆ.

ದೊಡ್ಡ ಆಸ್ಪತ್ರೆಗೆ ತೋರಿಸೋಣ ಎಂದರೆ ಅದಕ್ಕೂ ರಜೆ ಬೇಕು, ರಜೆಗೆ ಚೀಟಿ ಬೇಕು. ಚೀಟಿ ಕೊಟ್ಟ ದಿನವೇ ನನ್ನನ್ನು ಬಸ್ಸಿನಿಂದ ಇಳಿಸುತ್ತಾರೆ. ಹಾಗಾಗಿ ಮೊದಲು ತೀರ್ಮಾನ, ಆಮೇಲೆ ಆಸ್ಪತ್ರೆ ಎಂದು ಇಟ್ಟುಕೊಂಡಿದ್ದೇನೆ. ಡಿಸೆಂಬರದಲ್ಲಿ ಐವತ್ತು ದಾಟಿದ ಡ್ರೈವರುಗಳಿಗೆಲ್ಲ ಕಣ್ಣಿನ ಪರೀಕ್ಷೆ ಇದೆ. ಗೋಡೆಗೆ ಅಕ್ಷರದ ಪಟ್ಟಿ ಹಾಕಿ ಓದಿಸುತ್ತಾರೆ. ಅದರಲ್ಲಿ ಫೇಲಾದರೆ ಹೇಗೂ ಹೊರಗೆ. ಅದಕ್ಕಿಂತ ಮೊದಲೇ ನಾನಾಗಿ ಬಿಟ್ಟರೆ ಮರ್ಯಾದೆ ಉಳಿಯುತ್ತದೆ.

ಫಾರಂ ಹರಿಯಲಿಲ್ಲ. ತುಂಬಲೂ ಇಲ್ಲ. ನೀನು ಆತು ಎಂದರೆ ತುಂಬುತ್ತೇನೆ, ಬೇಡ ಎಂದರೆ ಇಲ್ಲ. ನಿನ್ನ ಮಾತು ಮೀರಿ ನಾನು ಏನನ್ನೂ ಮಾಡಿದವನಲ್ಲ, ದೋಣಿ ಹತ್ತದೆ ಇದ್ದದ್ದೊಂದು ಬಿಟ್ಟು.

ನಿನ್ನ ತಮ್ಮ
ಶನಿಯಾರ


ತೆಂಗಿನಗುಂಡಿ
22-11-1998

ಶನಿಯಾರ,

ಉತ್ತರ ತಡವಾಯಿತು. ಕೈಯಲ್ಲಿ ಒಂದು ಕೆಲಸ ಇತ್ತು, ಅದನ್ನು ಮುಗಿಸದೆ ಬರೆದರೆ ಬರೀ ಬೈಗುಳ ಆಗುತ್ತಿತ್ತು.

ಕಳೆದ ಭಾನುವಾರ ಭಟ್ಕಳದ ಶಾಲೆಯೊಂದರಲ್ಲಿ ಪುಕ್ಕಟೆ ಕಣ್ಣು ತಪಾಸಣೆ ಇಟ್ಟಿದ್ದರು. ಮೀನು ಮಾರುವುದು ಬಿಟ್ಟು ಹೋಗಿ ಕೂತೆ. ನನ್ನ ಮುಂದೆ ಐವತ್ತು ಜನ. ಯಾವಳೋ "ಇವ್ಳನ್ನ ಹಿಂದೆ ಕೂರ್ಸಿ, ಮೀನು ವಾಸ್ನೆ" ಎಂದಳು. "ಮೂಗು ತೋರ್ಸೂಕೆ ಬಂದ್ಯಾ ಕಣ್ಣು ತೋರ್ಸೂಕೆ ಬಂದ್ಯಾ?" ಎಂದೆ.

ಒಳಗೆ ಗೋಡೆಯ ಮೇಲೆ ನೀನು ಹೇಳಿದ ಪಟ್ಟಿ ಇತ್ತು. ಕನ್ನಡ ಅಕ್ಷರವೇ. ಬಿಳಿ ಕೋಟಿನ ಹುಡುಗಿ "ಅಜ್ಜಿ, ಮೇಲಿಂದ ಓದಿ" ಎಂದಳು.

"ನಿಲ್ಲು, ಬರ್ಕಂತೆ" ಎಂದೆ.

"ಬರಿಯೂದಲ್ಲ ಅಜ್ಜಿ, ಓದೂದು."

"ಓದೂಕೂ ಬತ್ತದೆ, ಬರಿಯೂಕೂ ಬತ್ತದೆ. ನಾಲ್ಕನೇ ಇಯತ್ತೆ ನಾನು."

ಮೊಮ್ಮಗನಿಗೆ ಅಕ್ಷರ ಕಲಿಸಲು ಬೇಕು ಎಂದು ಸುಳ್ಳು ಹೇಳಿದೆ. ಹೊಟ್ಟೆಯಲ್ಲಿ ಹುಟ್ಟಿದ ಮಗನೇ ಇಲ್ಲದವಳಿಗೆ ಮೊಮ್ಮಗ ಎಲ್ಲಿಂದ ಬಂದ. ಹುಡುಗಿ ನಗುತ್ತಾ ಪೆನ್ನು ಸಹ ಕೊಟ್ಟಳು. ಇಲ್ಲಿ ಇಳಿಸಿದ್ದೇನೆ, ಬಾಯಿಪಾಠ ಮಾಡು.

ದ
ಗ ಪ
ರ ನ ಟ
ಸ ವ ದ ಲ
ಪ ಠ ಗ ಯ ಬ
ನ ರ ವ ಟ ಸ ದ

ಎಲ್ಲ ಕಡೆ ಇದೇ ಪಟ್ಟಿ ಇರುತ್ತದೆ, ಸರ್ಕಾರ ಒಂದೇ ತಾನೆ. ದಿನಾ ಹತ್ತು ಸಲ ಹೇಳಿಕೋ. ಬಲಗಣ್ಣು ಮುಚ್ಚಿ ಒಮ್ಮೆ, ಎಡಗಣ್ಣು ಮುಚ್ಚಿ ಒಮ್ಮೆ. ಗಡಬಡಿಸಿ ಓದಬೇಡ, ಸಂಶಯ ಬರುತ್ತದೆ. ಕೊನೆಯ ಸಾಲಿಗೆ ಸ್ವಲ್ಪ ತಡೆದು ಓದು.

ಡಾಕ್ಟರು ನನ್ನ ಕಣ್ಣಿಗೂ ದೀಪ ಹಿಡಿದು ನೋಡಿದರು. ಒಂದು ಹನಿ ಮದ್ದು ಬರೆದುಕೊಟ್ಟರು, ಬೆಳಿಗ್ಗೆ ಒಂದು, ಸಂಜೆ ಒಂದು. ವಯಸ್ಸಾದದ್ದಕ್ಕೆ. ಬೇರೆ ಎಂತ ಇಲ್ಲ.

ಪರೀಕ್ಷೆ ಆದ ಕೂಡಲೇ ಬರೆ.

ನಾಗಿ


ಮಿರ್ಜಾನ
20-12-1998

ನಾಗಕ್ಕನಿಗೆ ನಮಸ್ಕಾರ.

ಪಾಸಾದೆ.

ಆದದ್ದು ಹೇಗೆಂದು ಬರೆಯುತ್ತೇನೆ, ನಿನಗೆ ನಗು ಬರುತ್ತದೆ. ಒಂದು ತಿಂಗಳು ನೀನು ಕಳಿಸಿದ ಪಟ್ಟಿಯನ್ನು ಮಂತ್ರದ ಹಾಗೆ ಹೇಳಿದೆ. ಸ್ನಾನ ಮಾಡುವಾಗಲೂ ದ, ಗ ಪ, ರ ನ ಟ. ಪ್ರಿಯಾ "ಅಪ್ಪ ಈಗ ಒಂದನೇ ಇಯತ್ತೆ" ಎಂದು ತಮಾಷೆ ಮಾಡುತ್ತಿದ್ದಳು. ಅಲ್ಲಿ ಹೋಗಿ ಕೂತು ಗೋಡೆ ನೋಡಿದರೆ ಪಟ್ಟಿಯೇ ಬೇರೆ. ಮೊದಲ ಅಕ್ಷರವೇ ದ ಅಲ್ಲ. ಎದ್ದು ಬಂದುಬಿಡೋಣ ಎನಿಸಿತು.

ಆದರೆ ಅಕ್ಕ, ಎಲ್ಲವೂ ಕಾಣುತ್ತಿತ್ತು. ಬಾಯಿಪಾಠ ಬೇಕಾಗಲೇ ಇಲ್ಲ. ಕೊನೆಯ ಸಾಲಿನ ಇರುವೆಯಂಥ ಅಕ್ಷರವನ್ನೂ ಓದಿದೆ. ಅಲ್ಲಿದ್ದವನು "ಇಪ್ಪತ್ತೈದರ ಹುಡ್ಗನ ಕಣ್ಣು ನಿಂದು, ಮಾರಾಯ" ಎಂದು ಬರೆದು ಸಹಿ ಮಾಡಿದ. ಎರಡು ನಿಮಿಷದ ಕೆಲಸ. ಅದಕ್ಕೆ ನಾಲ್ಕು ತಿಂಗಳು ನಿದ್ದೆ ಕೆಟ್ಟಿದ್ದೆ.

ನೀನು ಹೇಳಿದ್ದೇ ಸರಿ. ಹೆದರಿಕೆ ಇದ್ದದ್ದು ನನ್ನಲ್ಲಿ, ಕಣ್ಣಿನಲ್ಲಿ ಅಲ್ಲ. ಮನೆಗೆ ಬಂದು ಫಾರಂ ಹರಿದು ಬಚ್ಚಲೊಲೆಗೆ ಹಾಕಿದೆ. ಸುಶೀಲ ನೀರು ಕಾಯಿಸಿದಳು, ಅದೇ ನೀರು ಮಿಂದೆ.

ಕೇಳಿಕೊಂಡದ್ದಕ್ಕೆ ಘಾಟಿ ಬಿಡಿಸಿ ಕುಮಟಾ ಹೊನ್ನಾವರ ಲೋಕಲ್ ಕೊಟ್ಟಿದ್ದಾರೆ. ನೆಟ್ಟನೆಯ ರಸ್ತೆ. ಮೊನ್ನೆ ಎಡಬದಿಯ ಕನ್ನಡಿ ಯಾರದೋ ಪಾಗಾರದ ಗೋಡೆಗೆ ತಾಗಿ ಒಡೆಯಿತು. ಪಾಗಾರವನ್ನು ರಸ್ತೆಗೆ ತಂದು ಕಟ್ಟಿದ್ದಾರೆ, ಅದಕ್ಕೆ.

ಶನಿಯಾರ


ತೆಂಗಿನಗುಂಡಿ
10-5-1999

ಶನಿಯಾರ,

ನೀನು ಪಾಸಾದ ಸುದ್ದಿ ಓದಿ ಐದು ತಿಂಗಳಾಯಿತು. ಬರೆಯಬೇಕು ಎಂದು ಕೂತವಳು ಪ್ರತಿ ಸಲ ಏನೋ ಕೆಲಸ ನೆನಪಾಗಿ ಎದ್ದೆ. ಇಲ್ಲಿ ನಾನು ಸೌಖ್ಯ. ತಾರಲೆ ಮೀನು ಕಡಿಮೆ, ಬಂಗಡೆ ಇಲ್ಲವೇ ಇಲ್ಲ.

ಈಗ ಬದಿ ಹೇಗಿದೆ? ಬದಿ ಕಾಣುತ್ತದಾ? ಎಡಗಡೆಯಿಂದ ಬಂದದ್ದು ಬರುವಾಗಲೇ ಕಾಣುತ್ತದಾ, ಬಂದ ಮೇಲೆ ಕಾಣುತ್ತದಾ? ಸರಿಯಾಗಿ ಬರೆ. ತಮಾಷೆ ಮಾಡಬೇಡ.

ನೆರೆಮನೆಯ ಸೋಮ ಮಿರ್ಜಾನದಲ್ಲಿರುವ ಮಗಳ ಮನೆಗೆ ಹೊರಟಿದ್ದಾನೆ. ಅವನ ಕೈಯಲ್ಲಿ ಸಾರಿಗೆ ಒಣ ಶೆಟ್ಲಿಯ ಪೊಟ್ಟಣ ಕಳಿಸಿದ್ದೇನೆ. ಅದರೊಳಗೆ ಒಂದು ಸಣ್ಣ ಬಾಟಲಿ ಇದೆ, ಕಣ್ಣಿನ ಹನಿ. ಬೆಳಿಗ್ಗೆ ಒಂದು, ಸಂಜೆ ಒಂದು ಹಾಕಿಕೋ. ಕಣ್ಣಿಗೆ ತಂಪು. ಬಿಸಿಲಲ್ಲಿ ಬಸ್ಸು ಹೊಡೆಯುವವರಿಗೆ ಒಳ್ಳೆಯದು. ಮುಗಿದರೆ ಹೇಳು, ಮತ್ತೆ ಕಳಿಸುತ್ತೇನೆ. ಡಿಪೋದಲ್ಲಿ ಯಾರಿಗೂ ತೋರಿಸಬೇಡ.

ಬರುವ ವರ್ಷ ಪ್ರಿಯಾಳ ಕೊನೆಯ ಪರೀಕ್ಷೆ ಮುಗಿಯಲಿ. ಮುಗಿದ ಮಾರನೇ ದಿನ ನೀನೂ ನಾನೂ ದೊಡ್ಡ ಆಸ್ಪತ್ರೆಗೆ ಹೋಗೋಣ. ನನ್ನ ಮೊಣಕಾಲೂ ತೋರಿಸಿದಂತಾಯಿತು. ಎಂತಕ್ಕೆ ಎಂದು ಕೇಳಬೇಡ.

ನಾಗಿ


ಮಿರ್ಜಾನ
2-10-1999

ನಾಗಕ್ಕನಿಗೆ ನಮಸ್ಕಾರ.

ಒಣ ಶೆಟ್ಲಿ ಮುಗಿದು ಎಷ್ಟೋ ದಿನ ಆಯಿತು. ಬಾಟಲಿ ಮಾತ್ರ ಹಾಗೇ ಇದೆ. ನಾಲ್ಕು ದಿನ ಹಾಕಿಕೊಂಡೆ. ಉರಿ ಎಂದರೆ ಉರಿ, ಕಣ್ಣು ಕೆಂಪಾಗಿ ಡಿಪೋಕ್ಕೆ ಹೋದರೆ "ಬೆಳಿಗ್ಗೇನೇ ಹಾಕಂಡು ಬಂದ್ಯಾ?" ಎಂದು ಬಾಯಿ ಮೂಸಿ ನೋಡಿದರು. ಇಪ್ಪತ್ತು ವರ್ಷದಲ್ಲಿ ನನ್ನ ಬಾಯಿ ಯಾರೂ ಮೂಸಿರಲಿಲ್ಲ. ಅವತ್ತೇ ಬಿಟ್ಟೆ. ನೀನು ಕಳಿಸಿದ್ದು ಎಂದು ಬಿಸಾಡಲು ಮನಸ್ಸು ಬರಲಿಲ್ಲ, ದೇವರ ಫೋಟೋದ ಹಿಂದೆ ಇಟ್ಟಿದ್ದೇನೆ.

ಬದಿ ಹೇಗಿದೆ ಎಂದು ಕೇಳಿದ್ದೀಯ. ಪರೀಕ್ಷೆಯಲ್ಲೇ ಪಾಸಾದ ಮೇಲೆ ಮತ್ತೆಂತ? ಹಾಗೇ ಇದೆ. ರೂಢಿಯಾಗಿದೆ. ದಿನಕರನಿಗೆ ಬೇರೆ ಡಿಪೋಕ್ಕೆ ವರ್ಗ ಆಯಿತು. ಹೊಸ ಕಂಡಕ್ಟರ್ ಹಿಂದಿನ ಸೀಟಿನಲ್ಲಿ ಕೂತು ಲೆಕ್ಕ ಬರೆಯುತ್ತಾನೆ, ಮಾತಿಲ್ಲ. ಈಗ ಎಡ ಹೇಳುವವರಿಲ್ಲ.

ಒಂದು ಸಂತೋಷದ ಸಂಗತಿ. ಕರ್ಕಿಯ ತಿರುವಿನಲ್ಲಿ ದಿನಾ ನಾಲ್ಕೈದು ಮೀನು ಹೆಂಗಸರು ನಿಲ್ಲುತ್ತಾರೆ. ನಿಂತಿರುವುದು ಸ್ಟಾಪಿನಲ್ಲಿ ಅಲ್ಲ, ಸ್ಟಾಪಿನಲ್ಲಿ ನಿಂತರೆ ಕಂಡಕ್ಟರ್ ಬುಟ್ಟಿ ಹತ್ತಿಸುವುದಿಲ್ಲ. ಸ್ಟಾಪಿನಿಂದ ಈಚೆ ನಿಂತು ನೇರ ಡ್ರೈವರನಿಗೆ ಕೈ ಮಾಡುತ್ತಾರೆ. ನಿನಗೆ ಗೊತ್ತಲ್ಲ, ಮೀನುಬುಟ್ಟಿಯವರಿಗೆ ಸ್ಟಾಪ್ ಇಲ್ಲ, ಡ್ರೈವರನ ಕಣ್ಣಿಗೆ ಬಿದ್ದ ಜಾಗವೇ ಸ್ಟಾಪ್. ಎಷ್ಟು ಬಸ್ಸು ನಿನಗೆ ನಿಲ್ಲದೆ ಹೋಗಿದೆ ಎಂದು ನಾನು ಚಿಕ್ಕವನಿದ್ದಾಗ ನೋಡಿದ್ದೇನೆ. ನನ್ನ ಬಸ್ಸು ನಿಲ್ಲುತ್ತದೆ. ಅವರಲ್ಲಿ ಮಾದೇವಿ ಎಂದು ಒಬ್ಬಳು, ನಿನ್ನ ಹಾಗೇ ಬಾಯಿ. ಕಂಡಕ್ಟರ್ ಮೂಗು ಮುಚ್ಚಿಕೊಂಡರೆ "ರಾತ್ರಿ ಮೀನು ತಾಟಿಗೆ ಬಿದ್ದಾಗ ಮುಚ್ಕಣ್ತಿಯನಾ?" ಎಂದು ಕೇಳುತ್ತಾಳೆ. ಬಸ್ಸೆಲ್ಲ ನಗುತ್ತದೆ.

ಈಚೀಚೆಗೆ ಅವರು ಕೈ ಮಾಡುವುದು ನನಗೆ ಸರಿಯಾಗಿ ಕಾಣುವುದಿಲ್ಲ. ತೊಂದರೆ ಇಲ್ಲ. ಮಾದೇವಿಯ ಕೂಗು ಕೇಳಿದರೆ ನಿಲ್ಲಿಸುತ್ತೇನೆ.

ಶನಿಯಾರ


ಮಿರ್ಜಾನ
9-2-2000

ನಾಗತ್ತೆಯವರಿಗೆ ಪ್ರಿಯಾಳ ನಮಸ್ಕಾರಗಳು.

ಅಪ್ಪ ಬರೆಯುವ ಸ್ಥಿತಿಯಲ್ಲಿ ಇಲ್ಲದ ಕಾರಣ ನಾನು ಬರೆಯುತ್ತಿದ್ದೇನೆ. ಜನವರಿ ಇಪ್ಪತ್ತೊಂದರಂದು ಬೆಳಿಗ್ಗೆ ಕರ್ಕಿಯ ಹತ್ತಿರ ಅಪ್ಪನ ಬಸ್ಸಿಗೆ ಮಾದೇವಿ ಎಂಬ ಮೀನು ಮಾರುವ ಹೆಂಗಸು ಸಿಕ್ಕಿದರು. ಎಡಗಡೆಯಿಂದ ಬುಟ್ಟಿ ಹೊತ್ತು ಬಸ್ಸಿನ ಹತ್ತಿರ ಓಡಿಬಂದರಂತೆ. ಆ ಹೊತ್ತಿಗೆ ಎದುರಿನಿಂದ ಬಂದ ಲಾರಿ ಹಾರ್ನ್ ಹಾಕುತ್ತಿತ್ತು, ಅವರ ಕೂಗು ಅಪ್ಪನಿಗೆ ಕೇಳಿಸಲಿಲ್ಲ. ಹಿಂದಿನ ಗಾಲಿ ಕಾಲಿನ ಮೇಲೆ ಹೋಯಿತು. ಜೀವ ಉಳಿದಿದೆ. ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದಿದ್ದಾರೆ.

ಅಪ್ಪ ಕೆಳಗಿಳಿದು ಅವರನ್ನು ನೋಡಿ, ರಸ್ತೆಯ ಮೇಲೆ ಚೆಲ್ಲಿದ್ದ ಮೀನನ್ನು ಒಂದೊಂದೇ ಹೆಕ್ಕಿ ಬುಟ್ಟಿಗೆ ತುಂಬುತ್ತಿದ್ದರಂತೆ. ಪೊಲೀಸರು ಬಂದು ಕೈ ಹಿಡಿದು ಎಬ್ಬಿಸುವ ತನಕ.

ಕೆಲಸದಿಂದ ಸಸ್ಪೆಂಡ್ ಮಾಡಿ ಕಣ್ಣಿನ ಪರೀಕ್ಷೆಗೆ ದೊಡ್ಡ ಆಸ್ಪತ್ರೆಗೆ ಕಳಿಸಿದರು. ನಾನೂ ಹೋಗಿದ್ದೆ. ಕಣ್ಣಿನೊಳಗಿನ ಒತ್ತಡದ ಕಾಯಿಲೆ ಎಂದರು. ಅದು ಬದಿಯಿಂದ ತಿನ್ನುತ್ತಾ ಬಂದು ನಡುವಿನದನ್ನು ಕೊನೆಗೆ ತಿನ್ನುತ್ತದಂತೆ, ಹಾಗಾಗಿ ಗೋಡೆಯ ಪಟ್ಟಿ ಓದಲು ಕೊನೆಯ ತನಕ ಬರುತ್ತದಂತೆ. ಎಡಗಣ್ಣು ಪೂರ್ತಿ ಹೋಗಿದೆ. ಬಲಗಣ್ಣು ಬಿದಿರಿನ ನಳಿಗೆಯಲ್ಲಿ ನೋಡಿದ ಹಾಗೆ. ಓದಲು ಕೂತರೆ ಒಂದು ಅಕ್ಷರ ಸಿಕ್ಕಿದರೆ ಪಕ್ಕದ್ದು ಸಿಕ್ಕುವುದಿಲ್ಲ. ಎರಡು ವರ್ಷ ಮೊದಲೇ ಹನಿ ಮದ್ದು ಶುರು ಮಾಡಿದ್ದರೆ ಇದ್ದದ್ದು ಉಳಿಯುತ್ತಿತ್ತು, ಹೋದದ್ದು ಬರುವುದಿಲ್ಲ ಎಂದರು.

ಅತ್ತೆ, ಅವರು ಬರೆದುಕೊಟ್ಟ ಮದ್ದು ತಂದು ದೇವರ ಫೋಟೋದ ಹತ್ತಿರ ಇಡಲು ಹೋದಾಗ ಹಿಂದೆ ನೀವು ಕಳಿಸಿದ ಬಾಟಲಿ ಸಿಕ್ಕಿತು. ಎರಡರ ಮೇಲೂ ಒಂದೇ ಹೆಸರು. ಅಪ್ಪನಿಗೆ ಹೇಳಿಲ್ಲ. ಅದನ್ನು ನಿಮಗೆ ಯಾರು ಕೊಟ್ಟರು, ಎಂತಕ್ಕೆ ಕೊಟ್ಟರು ಎಂದು ತಿಳಿಸಿ.

ಇತಿ,
ಪ್ರಿಯಾ


ತೆಂಗಿನಗುಂಡಿ
6-4-2000

ಶನಿಯಾರನಿಗೆ ಅಕ್ಕ ನಾಗಿ ಬರೆಯುವುದು.

ಪ್ರಿಯಾ, ಇದನ್ನು ನಿನ್ನ ಅಪ್ಪನಿಗೆ ಓದಿ ಹೇಳು. ನಡುವೆ ನಿಲ್ಲಿಸಬೇಡ. ಮೆತ್ತಗೆ ಮಾಡಿ ಓದಬೇಡ.

ಮೊನ್ನೆ ನಾನು ಕರ್ಕಿಗೆ ಹೋಗಿದ್ದೆ. ಮಾದೇವಿಯ ಮನೆ ಕೇಳಿಕೊಂಡು ಹೋದೆ. ನಾಲ್ಕು ನೊಗಲಿ ಮೀನು ತೆಗೆದುಕೊಂಡು ಹೋಗಿದ್ದೆ, ಮೀನು ಮಾರುವವಳ ಮನೆಗೆ ಮೀನು. ಕೈಗೆ ಬೇರೆ ಎಂತ ಸಿಕ್ಕಲಿಲ್ಲ. ಅವಳು ಜಗಲಿಯಲ್ಲಿ ಕೂತಿದ್ದಳು, ಕಾಲಿನ ಮೇಲೆ ಸೀರೆಯ ತುಂಡು ಹಾಕಿಕೊಂಡು. ಶನಿಯಾರನ ಅಕ್ಕ ಎಂದೆ. ಬೈಯುತ್ತಾಳೆ ಎಂದು ತಯಾರಾಗಿ ಹೋಗಿದ್ದೆ. ಬೈಯಲಿ ಎಂದೇ ಹೋಗಿದ್ದೆ.

"ಕೂರಿ ಅಕ್ಕ" ಎಂದಳು. "ಶನಿಯಾರಣ್ಣಗೆ ಹೇಳಿ, ನಂದೇ ತಪ್ಪು. ಬಸ್ಸು ಪೂರಾ ನಿಲ್ಲೂಕೆ ಮೊದ್ಲೇ ಓಡ್ದೆ. ಬೇರೆ ಬಸ್ಸಿಗಾದ್ರೆ ಓಡ್ತಿರ್ಲಿಲ್ಲ. ಅವ್ರ ಬಸ್ಸು ನಂಗೆ ನಿಲ್ದೆ ಹೋದ್ದೇ ಇಲ್ಲ ನೋಡಿ, ನನ್ನ ಕಂಡ್ರು ಹೇಳಿ ಅಂದ್ಕಂಡೆ."

ನೀರು ಕೊಟ್ಟಳು. ಕುಡಿದು ಬಂದೆ. ಬರುವಾಗ ಕರ್ಕಿಯಲ್ಲಿ ಬಸ್ಸು ಹತ್ತಲಿಲ್ಲ. ಹೊನ್ನಾವರದ ತನಕ ನಡೆದೆ.

ಈಗ ಹೇಳುತ್ತೇನೆ. ಹೋದ ವರ್ಷಕ್ಕೂ ಹಿಂದಿನ ವರ್ಷ ನಾನು ಭಟ್ಕಳದಲ್ಲಿ ಪಟ್ಟಿ ಇಳಿಸಿಕೊಂಡು ಬಂದ ದಿನ ಡಾಕ್ಟರು ನನ್ನ ಕಣ್ಣು ನೋಡಿ ಸುಮ್ಮನೆ ಕಳಿಸಲಿಲ್ಲ. ಇದು ಕಣ್ಣಿನ ಒತ್ತಡ, ಮನೆತನದಲ್ಲಿ ಬರುವ ಕಾಯಿಲೆ, ನಿಮಗೆ ಈಗಷ್ಟೇ ಶುರುವಾಗಿದೆ, ಹನಿ ಹಾಕಿದರೆ ನಿಲ್ಲುತ್ತದೆ ಎಂದರು. ಒಡಹುಟ್ಟಿದವರು ಯಾರಾದರೂ ಇದ್ದಾರಾ ಎಂದು ಕೇಳಿದರು. ಒಬ್ಬ ತಮ್ಮ ಇದ್ದಾನೆ ಎಂದೆ. ಅವನಿಗೆ ಬದಿ ಕಾಣುತ್ತದಾ ಎಂದು ಕೇಳಿದರು. ನೀನು ಬರೆದದ್ದನ್ನು ಓದಿದ ಹಾಗೇ ಕೇಳಿದರು, ಶನಿಯಾರ. ಎಂತ ಕೆಲಸ ಮಾಡುತ್ತಾನೆ ಎಂದು ಕೇಳಿದರು. ದೋಣಿಗೆ ಹೋಗುತ್ತಾನೆ ಎಂದು ಸುಳ್ಳು ಹೇಳಿದೆ. ನಾಳೆಯೇ ಕರೆತನ್ನಿ, ತಡ ಮಾಡಿದರೆ ಕುರುಡಾಗುತ್ತಾನೆ ಎಂದರು. ಆತು ಎಂದು ಬಂದೆ.

ಮನೆಗೆ ಬಂದು ನಿನಗೆ ಪಟ್ಟಿ ಕಳಿಸಿದೆ. ಮಾತು ಕಳಿಸಲಿಲ್ಲ.

ಹೇಳಿದ್ದರೆ ನೀನು ಅವತ್ತೇ ಫಾರಂ ತುಂಬುತ್ತಿದ್ದೆ. ಪ್ರಿಯಾ ಓದು ಮುಗಿಸಲಿ, ಆಮೇಲೆ ಹೇಳುತ್ತೇನೆ, ಅಷ್ಟರೊಳಗೆ ಎಂತ ಆಗುತ್ತದೆ ಎಂದುಕೊಂಡೆ. ಇದು ಒಂದು ಕಾರಣ. ಇನ್ನೊಂದು ಕಾರಣ ಹೇಳಲು ನಾಚಿಕೆ. ಆ ಖಾಕಿ ಅಂಗಿ ನನಗೆ ಬೇಕಿತ್ತು. ಕೇರಿಯಲ್ಲಿ ನಾನು ತಲೆ ಎತ್ತಿ ಮಾತಾಡುವುದು ಅದರ ಮೇಲೆ. ನೀನು ಪಾಸಾದೆ ಎಂದು ಬರೆದಾಗ ಡಾಕ್ಟರು ಹೇಳಿದ್ದು ಸುಳ್ಳು ಎಂದು ನನಗೆ ನಾನೇ ಹೇಳಿಕೊಂಡೆ. ಐದು ತಿಂಗಳು ಹೇಳಿಕೊಂಡೆ. ಆಮೇಲೆ ಬಾಟಲಿ ಕಳಿಸಿದೆ, ಅದಕ್ಕೂ ತಂಪು ಎಂದು ಸುಳ್ಳು. ಉರಿಯುತ್ತದೆ ಎಂದು ನನಗೆ ಗೊತ್ತಿತ್ತು. ನಾನು ಬೆಳಿಗ್ಗೆ ಒಂದು, ಸಂಜೆ ಒಂದು ಹಾಕುತ್ತೇನೆ. ಒಂದು ದಿನ ತಪ್ಪಿಸಿಲ್ಲ.

ನನ್ನ ಕಣ್ಣು ಹಾಗೇ ಇದೆ. ಎಡವೂ ಕಾಣುತ್ತದೆ, ಬಲವೂ ಕಾಣುತ್ತದೆ.

ಹೆದರಿ ನೆಪ ಹೇಳುತ್ತೀಯ ಎಂದು ನಿನಗೆ ಬರೆದೆ. ಹೆದರಿದ್ದು ನಾನು. ನೀನು ಬೈದು ಬರೆ. ಬೈಯದಿದ್ದರೆ ನನ್ನ ಮನೆಗೆ ಕಾಗದ ಹಾಕಬೇಡ.

ನಾಗಿ


ಮಿರ್ಜಾನ
30-4-2000

ನಾಗಕ್ಕನಿಗೆ ತಮ್ಮನ ನಮಸ್ಕಾರ. ನಾನು ಹೇಳಿದ್ದನ್ನು ಪ್ರಿಯಾ ಬರೆಯುತ್ತಿದ್ದಾಳೆ.

ನಿನ್ನ ಕಾಗದ ಬಂತು. ಪ್ರಿಯಾ ಓದಿದಳು. ನೀನು ಸೌಖ್ಯವಾಗಿರುವುದು ಕೇಳಿ ಸಮಾಧಾನ. ಮಾದೇವಿಯ ಮನೆಗೆ ಹೋಗಿ ಬಂದದ್ದು ನನ್ನ ಮೇಲೆ ದೊಡ್ಡ ಉಪಕಾರ. ನನಗೆ ಹೋಗಲು ಮುಖ ಇಲ್ಲ. ನನ್ನ ಬಸ್ಸು ನಿಂತೇ ನಿಲ್ಲುತ್ತದೆ ಎಂದು ಓಡಿದಳಂತೆ. ಪ್ರಿಯಾ ಆ ಜಾಗ ಓದುವಾಗ ಅವಳ ಧ್ವನಿ ಸರಿ ಇರಲಿಲ್ಲ, ಮುಂದಿನದನ್ನು ಬೇಗ ಓದಿ ಮುಗಿಸಿದಳು.

ಕಾಯಿಲೆಯ ಮೇಲೆ ನಿವೃತ್ತಿ ಕೊಡುತ್ತಾರಂತೆ. ಕೋರ್ಟು ಕೇಸು ಬೇರೆ ನಡೆಯುತ್ತದೆ. ಮೊನ್ನೆ ಫಾರಂ ತಂದರು. ಅದೇ ಫಾರಂ ಅಕ್ಕ, ನಾನು ಒಲೆಗೆ ಹಾಕಿದ್ದು. ಆಗ ಸಹಿ ಮಾಡುವ ಜಾಗ ನನಗೆ ಕಾಣುತ್ತಿತ್ತು. ಈಗ ಪ್ರಿಯಾ ನನ್ನ ಬೆರಳು ಹಿಡಿದು ಅಲ್ಲಿ ಇಟ್ಟಳು.

ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ನೀನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನಿನಗೆ ಗೊತ್ತಿದ್ದದ್ದಷ್ಟನ್ನೇ ನೀನು ಹೇಳಿದೆ. ಬದಿ ಎಷ್ಟು ಕಾಣುವುದಿಲ್ಲ ಎಂದು ಗೊತ್ತಿದ್ದವನು ನಾನೊಬ್ಬನೇ, ಸ್ಟೇರಿಂಗ್ ಹಿಡಿದವನೂ ನಾನೇ. ಮೀನು ಮಾರುವುದು ಬಿಟ್ಟು ದಿನವೆಲ್ಲ ಕೂತು ಆ ಪಟ್ಟಿ ಇಳಿಸಿ ಕಳಿಸಿದ್ದೆಯಲ್ಲ, ಅದು ಇನ್ನೂ ಬಾಯಿಗೆ ಬರುತ್ತದೆ. ಜಗಲಿಯಲ್ಲಿ ಕೂತಾಗ ಹೇಳಿಕೊಳ್ಳುತ್ತೇನೆ. ದ, ಗ ಪ, ರ ನ ಟ. ನನಗಾಗಿ ಅಷ್ಟು ಮಾಡಿದವರು ಬೇರೆ ಯಾರಿದ್ದಾರೆ.

ಒಂದೇ ಬೇಸರ. ಇಷ್ಟೆಲ್ಲ ಆದ ಮೇಲೂ ನೀನು ಒಂದು ಮಾತು ಬೈದಿಲ್ಲವಂತೆ. ನೀನು ಬೈಯದೆ ಬರೆದರೆ ನಾನು ಸತ್ತ ಹಾಗೆ ಅನಿಸುತ್ತದೆ.

ಶನಿಯಾರ

ಅತ್ತೆ, ಇನ್ನು ಕೆಳಗೆ ಇರುವುದು ನನ್ನ ಮಾತು.

ನೀವು ಹೇಳಿದ ಹಾಗೆ ಓದಲಿಲ್ಲ. ಮಾದೇವಿಯವರ ಮನೆಯ ಸಂಗತಿ ಓದಿ, ಮುಂದಿನದೆಲ್ಲ ಬಿಟ್ಟೆ. ಬಂಗಡೆ ಬಂದಿದೆಯಂತೆ, ಮೊಣಕಾಲು ನೋವಂತೆ ಎಂದು ನಾನೇ ಹೇಳಿದೆ. ಕಾಗದ ನನ್ನ ಪುಸ್ತಕದಲ್ಲಿ ಇದೆ. ಅಮ್ಮನಿಗೂ ಗೊತ್ತಿಲ್ಲ.

ಅಪ್ಪ ಎರಡು ಸಲ ಗೋಡೆ ಹಿಡಿದುಕೊಂಡು ಹೊಳೆಯ ಕಡೆ ಹೊರಟಿದ್ದರು. ಅಮ್ಮ ಕರೆದುಕೊಂಡು ಬಂದಳು. ನಿಮ್ಮ ಕಾಗದ ಬಂದಿದೆ ಎಂದರೆ ಮಾತ್ರ ಎದ್ದು ಕೂರುತ್ತಾರೆ. ಅಪ್ಪನಿಗೆ ಹೇಳಿ ನಿಮಗೆ ಹಗುರ ಆಗಬೇಕು, ತಿಳಿಯುತ್ತದೆ. ಅದು ಆಗುವುದು ಬೇಡ. ನನ್ನ ಓದಿಗಾಗಿ ಎಂದು ಬರೆದಿದ್ದೀರಿ. ಆ ಸಾಲನ್ನು ಓದಿದ ಮೇಲೆ ನಾನು ಪರೀಕ್ಷೆಗೆ ಕೂತು ಬಂದೆ, ಹೇಗೆ ಬರೆದೆ ಎಂದು ಕೇಳಬೇಡಿ. ನಾನು ನಿಮ್ಮ ಮೇಲಿನ ಸಿಟ್ಟು ಬಿಡುವುದಿಲ್ಲ. ಆದರೆ ಅಪ್ಪನಿಗೆ ಹಿಡಿದುಕೊಳ್ಳಲು ನೀವೊಬ್ಬರೇ ಇದ್ದೀರಿ, ಅದನ್ನು ನಾನು ತೆಗೆಯಲಾರೆ.

ಇನ್ನು ಮುಂದೆ ಮೀನಿನ ಸುದ್ದಿ ಬರೆಯಿರಿ. ಬೈದು ಬರೆಯಿರಿ. ಇಲ್ಲಿಗೆ ಬರಬೇಡಿ.

ಪ್ರಿಯಾ


ತೆಂಗಿನಗುಂಡಿ
12-5-2000

ಶನಿಯಾರನಿಗೆ ಅಕ್ಕ ನಾಗಿ ಬರೆಯುವುದು.

ಬೈದಿಲ್ಲ ಎಂದು ಬೇಸರವಾ ನಿನಗೆ? ಐವತ್ತಮೂರಕ್ಕೆ ಕಾಲು ಚಾಚಿ ಜಗಲಿಯಲ್ಲಿ ಕೂತವನನ್ನು ಬೈಯದೆ ಪೂಜೆ ಮಾಡುತ್ತಾರಾ? ಸುಶೀಲ ಒಬ್ಬಳೇ ಎಷ್ಟು ಕೆಲಸ ಮಾಡುತ್ತಾಳೆ. ಕೂತಲ್ಲೇ ಬಲೆ ಕಟ್ಟಲು ಕಲಿ. ಅದಕ್ಕೆ ಕಣ್ಣು ಬೇಡ, ಬೆರಳು ಸಾಕು. ನಮ್ಮ ಅಜ್ಜ ಮಾತಾಡುತ್ತಾ ಆಕಾಶ ನೋಡಿಕೊಂಡೇ ಕಟ್ಟುತ್ತಿದ್ದ. ದೋಣಿ ಹತ್ತಲಿಲ್ಲ, ಬಲೆಯಾದರೂ ಹಿಡಿ. ಹೊಳೆಯ ಕಡೆ ಒಬ್ಬನೇ ಹೋಗಬೇಡ, ಅಲ್ಲಿ ನಿನಗೆ ಕೆಲಸ ಇಲ್ಲ. ಹೋದದ್ದು ಗೊತ್ತಾದರೆ ಬಂದು ಹೊಡೆಯುತ್ತೇನೆ.

ಇಲ್ಲಿ ಬಂಗಡೆ ಬಂದಿದೆ. ದೊಡ್ಡದಲ್ಲ. ಮಳೆಗೆ ಮೊದಲು ಇನ್ನು ಎಂಟು ದಿನ ದೋಣಿ ಇಳಿಯುತ್ತದೆ, ಆಮೇಲೆ ಒಣಮೀನು. ಮೊಣಕಾಲು ನೋಯುತ್ತದೆ. ಪೇಟೆಗೆ ನಡೆದೇ ಹೋಗುತ್ತೇನೆ, ಬಸ್ಸಿಗೆ ಕೈ ಮಾಡುವುದು ಬಿಟ್ಟಿದ್ದೇನೆ.

ಮತ್ತೆ ಎಂತ ಇಲ್ಲ. ನಾನು ಸೌಖ್ಯ. ಪ್ರತಿ ತಿಂಗಳೂ ಬರೆಯುತ್ತೇನೆ.

ಪ್ರಿಯಾ, ಇದನ್ನು ಅಪ್ಪನಿಗೆ ಓದಿ ಹೇಳು. ಇದರಲ್ಲಿ ಬಿಟ್ಟು ಓದುವಂಥದ್ದು ಏನೂ ಇಲ್ಲ.

ನಾಗಿ